ಅಂಬಾಸಿಡರ್ ಕಾಲದ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಆರಿಸುವ ಕ್ರಮ

ಹಳೆಯ ಕಾರು ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ ಅಥವಾ ಏರು ರಸ್ತೆಯಲ್ಲಿ ಮಿಸ್ಸಿಂಗ್ ಹೊಡೆದರೆ ಹೆಚ್ಚಿನ ಮಾಲೀಕರು ಮೊದಲು ಕೈ ಹಾಕುವುದು ಸ್ಪಾರ್ಕ್ ಪ್ಲಗ್ಗಿಗೆ. ಅದರ ಬೆಲೆ ಕಡಿಮೆ, ಬಿಚ್ಚುವುದೂ ಸುಲಭ. ಹೀಗಾಗಿ ಅಂಗಡಿಯವರು ‘ಇದೂ ಅದಕ್ಕೇ ಆಗುತ್ತೆ ಸಾರ್’ ಎಂದು ಕೊಟ್ಟದ್ದನ್ನು ಹೆಚ್ಚು ಯೋಚಿಸದೆ ಹಾಕಿಸಿಕೊಂಡು ಬರುವವರೇ ಬಹಳ. ಹೊರನೋಟಕ್ಕೆ ಒಂದೇ ರೀತಿ ಕಾಣುವ ಎರಡು ಪ್ಲಗ್ಗುಗಳಲ್ಲಿ ಒಂದು ಎಂಜಿನ್ನಿಗೆ ಸರಿಹೊಂದಿ ಇನ್ನೊಂದು ಪಿಸ್ಟನ್ನಿಗೇ ಹಾನಿ ಮಾಡಬಹುದು. ಆದ್ದರಿಂದ ಆಯ್ಕೆಗೆ ಒಂದು ಕ್ರಮವಿರಬೇಕು: ಮೊದಲು ಅಳತೆ, ಅನಂತರ ಹೀಟ್ ರೇಂಜ್ (ಬಿಸಿಯನ್ನು ಸಾಗಿಸುವ ಶಕ್ತಿ), ಕೊನೆಗೆ ಗ್ಯಾಪ್ (ಕಿಡಿ ಹಾರುವ ಸಂದಿ). ಕಂಪನಿ ಯಾವುದು ಎಂಬ ಪ್ರಶ್ನೆ ಇವೆಲ್ಲದರ ನಂತರದ್ದು. ನಮ್ಮಲ್ಲಿ ಇಂದಿಗೂ ಸಾಕಷ್ಟು ಸಂಖ್ಯೆಯಲ್ಲಿ ಉಳಿದಿರುವ, 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಅಂಬಾಸಿಡರ್ ಕಾರನ್ನು ಇಲ್ಲಿ ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಪ್ರೀಮಿಯರ್ ಪದ್ಮಿನಿ ಮತ್ತು ಪೆಟ್ರೋಲ್ ಜೀಪಿನ ಮಾತು ಅಗತ್ಯವಿದ್ದಲ್ಲಿ ಬರುತ್ತದೆ.

ಎಂಜಿನ್ ಯಾವುದೆಂದು ಖಚಿತಪಡಿಸಿಕೊಳ್ಳಿ

ಕಾರಿನ ಹೆಸರು ನೋಡಿ ಪ್ಲಗ್ ಕೇಳಬಾರದು. ಎಂಜಿನ್ ನೋಡಿ ಕೇಳಬೇಕು. ಹಿಂದೂಸ್ತಾನ್ ಮೋಟಾರ್ಸ್‌ನ ಉತ್ತರಪಾರಾ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾದ ಅಂಬಾಸಿಡರ್‌ಗೆ ಆರಂಭದಲ್ಲಿ ಸೈಡ್ ವಾಲ್ವ್ ಎಂಜಿನ್ ಇತ್ತು. ಆಮೇಲೆ ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ‘ಬಿ’ ಸರಣಿಯ 1489 ಸಿಸಿ ಓವರ್‌ಹೆಡ್ ವಾಲ್ವ್ ಎಂಜಿನ್ ಬಂದು ದಶಕಗಳ ಕಾಲ ಉಳಿಯಿತು. 1990ರ ದಶಕದಲ್ಲಿ ಇಸುಝು ವಿನ್ಯಾಸದ 1.8 ಲೀಟರ್ ಎಂಜಿನ್ ಸೇರಿಕೊಂಡಿತು. ಈ ಮೂರಕ್ಕೂ ಒಂದೇ ಪ್ಲಗ್ ಎಂದು ಭಾವಿಸುವುದು ತಪ್ಪು. ಇದರ ಮೇಲೆ, ಐವತ್ತು ವರ್ಷಗಳಲ್ಲಿ ಎಷ್ಟೋ ಕಾರುಗಳ ಎಂಜಿನ್ ಬದಲಾಗಿದೆ, ಪ್ಲಗ್ ಕೂರುವ ಮೇಲ್ಭಾಗವಾದ ಹೆಡ್ ಬದಲಾಗಿದೆ, ಥ್ರೆಡ್ (ತಿರುಪಿನ ಗೆರೆ) ಹಾಳಾದ ಕಡೆ ಇನ್‌ಸರ್ಟ್ ಎಂಬ ಹೊಸ ಥ್ರೆಡ್ಡಿನ ತೋಳು ಕೂತಿದೆ. ಆರ್.ಸಿ. ಪುಸ್ತಕದಲ್ಲಿರುವ ಎಂಜಿನ್ ಸಂಖ್ಯೆಯನ್ನು ಬ್ಲಾಕ್ ಮೇಲಿನ ಸಂಖ್ಯೆಯೊಂದಿಗೆ ಒಮ್ಮೆ ಹೋಲಿಸಿ ನೋಡಿದರೆ ಮುಂದಿನ ಕೆಲಸಕ್ಕೆ ಭದ್ರ ಬುನಾದಿ ಸಿಗುತ್ತದೆ.

ಹಳೆಯ ಪ್ಲಗ್ಗುಗಳನ್ನು ಬಿಚ್ಚಿ ಪರೀಕ್ಷಿಸಿ

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಪ್ಲಗ್ ಬಿಚ್ಚಬೇಕು. ವೈರುಗಳಿಗೆ 1ರಿಂದ 4ರವರೆಗೆ ಗುರುತು ಹಾಕಿ. ಬಿ ಸರಣಿಯಲ್ಲಿ ರೇಡಿಯೇಟರ್ ಕಡೆಯದು ಮೊದಲ ಸಿಲಿಂಡರ್, ಫೈರಿಂಗ್ ಕ್ರಮ (ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ) 1-3-4-2. ಪ್ಲಗ್ ಕೂತಿರುವ ಗುಣಿಯ ಸುತ್ತ ಸೇರಿರುವ ಧೂಳು ಮತ್ತು ಮಣ್ಣನ್ನು ಗಾಳಿ ಊದಿ ತೆಗೆಯದೆ ಸ್ಪ್ಯಾನರ್ ಹಾಕಬಾರದು. ಇಲ್ಲವಾದರೆ ಆ ಮಣ್ಣು ನೇರವಾಗಿ ಸಿಲಿಂಡರಿನೊಳಕ್ಕೆ ಬೀಳುತ್ತದೆ. ಬಿಚ್ಚಿದ ನಾಲ್ಕನ್ನೂ ಸಿಲಿಂಡರಿನ ಕ್ರಮದಲ್ಲೇ ಒಂದು ಹಲಗೆಯ ಮೇಲೆ ಸಾಲಾಗಿ ಇಡಿ.

ಈಗ ಅವುಗಳ ಮೂತಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಪಿಂಗಾಣಿ ತಿಳಿ ಕಂದು ಅಥವಾ ಬೂದು ಬಣ್ಣದಲ್ಲಿದ್ದರೆ ಎಲ್ಲವೂ ಸರಿಯಾಗಿದೆ. ಒಣಗಿದ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಚೋಕ್ ಪೂರ್ತಿ ಹಿಂದಕ್ಕೆ ಬರುತ್ತಿಲ್ಲ, ಏರ್ ಫಿಲ್ಟರ್ ಕಟ್ಟಿಕೊಂಡಿದೆ ಅಥವಾ ಕಾರು ಬರೀ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಓಡುತ್ತಿದೆ ಎಂದು ಅರ್ಥ. ಎಣ್ಣೆಯ ಜಿಡ್ಡು ಹೊಳೆಯುತ್ತಿದ್ದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ. ಪಿಂಗಾಣಿ ಸುಣ್ಣದಂತೆ ಬಿಳುಪೇರಿ ಸಣ್ಣ ಸಣ್ಣ ಗುಳ್ಳೆಗಳೆದ್ದಿದ್ದರೆ ಮಿಶ್ರಣ ತೆಳುವಾಗಿದೆ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು), ಟೈಮಿಂಗ್ ಮುಂದಿದೆ (ಕಿಡಿ ಬೇಗ ಹಾರುತ್ತಿದೆ) ಅಥವಾ ಪ್ಲಗ್ ಆ ಎಂಜಿನ್ನಿಗೆ ತೀರ ‘ಹಾಟ್’ ಆಗಿದೆ, ಎಂದರೆ ಬಿಸಿಯನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತಿದೆ. ಇವುಗಳಲ್ಲಿ ಕೊನೆಯ ಕಾರಣವೊಂದನ್ನು ಮಾತ್ರ ಬೇರೆ ಪ್ಲಗ್ ಹಾಕಿ ಸರಿಪಡಿಸಬಹುದು. ಉಳಿದವನ್ನು ಪ್ಲಗ್ ಬದಲಿಸಿ ಮುಚ್ಚಿಹಾಕಲು ಹೊರಟರೆ ರೋಗ ಹಾಗೆಯೇ ಉಳಿದು ಹೊಸ ಪ್ಲಗ್ ಕೂಡ ಅದೇ ಬಣ್ಣಕ್ಕೆ ತಿರುಗುತ್ತದೆ.

ಬಿ ಸರಣಿಯ ಎಂಜಿನ್ನಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇದರ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಸೇರಿ ಎರಡೇ ಇನ್‌ಲೆಟ್ ದ್ವಾರಗಳಿವೆ: 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಇನ್ನೊಂದು. ನಡುವಿನ ಎರಡು ಸಿಲಿಂಡರುಗಳಿಗೆ ಎಕ್ಸಾಸ್ಟ್ ದ್ವಾರವೂ ಒಂದೇ. ಹೀಗಾಗಿ ತುದಿಯ ಎರಡು ಪ್ಲಗ್ಗುಗಳು ಒಂದು ಛಾಯೆ, ನಡುವಿನ ಎರಡು ಇನ್ನೊಂದು ಛಾಯೆ ತಾಳುವುದು ಆ ವಿನ್ಯಾಸದ ಗುಣವೇ ಹೊರತು ದೋಷವಲ್ಲ. ನಾಲ್ಕರಲ್ಲಿ ಒಂದೇ ಒಂದು ಬೇರೆಯಾಗಿ ಕಂಡರೆ ಮಾತ್ರ ಆ ಸಿಲಿಂಡರಿನ ಕಂಪ್ರೆಷನ್, ವಾಲ್ವ್ ಮತ್ತು ವೈರನ್ನು ಪರೀಕ್ಷಿಸಬೇಕು.

ಬದಿಯಿಂದ ಬಾಗಿ ಬಂದಿರುವ ಕೊಕ್ಕೆಯ ಒಳಮೈಯನ್ನೂ ಗಮನಿಸಿ. ನಡುವಿನ ಕಡ್ಡಿಗಿಂತ ಈ ಕೊಕ್ಕೆಯೇ ಹೆಚ್ಚು ಸವೆದು ಬಟ್ಟಲಿನಂತೆ ತಗ್ಗಾಗಿದ್ದರೆ ಕಿಡಿಗೆ ಬೇಕಾದ ವೋಲ್ಟೇಜ್ ಏರಿಸಿಕೊಡುವ ಕಾಯಿಲ್‌ನ ಎರಡು ತಂತಿಗಳು ಅದಲುಬದಲಾಗಿರಬಹುದು. ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಬಾಡಿಗೆ ಸೇರಿದ್ದು) ಇದ್ದ ಹಳೆಯ ಕಾರನ್ನು ಮುಂದೆ ಯಾರೋ ನೆಗೆಟಿವ್ ಅರ್ತ್‌ಗೆ ಬದಲಿಸಿ ಕಾಯಿಲ್ ತಂತಿಗಳನ್ನು ಹಾಗೇ ಬಿಟ್ಟಾಗ ಹೀಗಾಗುತ್ತದೆ. ಬಿಸಿಯಾಗಿರುವ ನಡುವಿನ ಕಡ್ಡಿ ನೆಗೆಟಿವ್ ಆಗಿದ್ದರೆ ಕಿಡಿ ಸುಲಭವಾಗಿ ಹಾರುತ್ತದೆ. ತಿರುಗಾಮುರುಗಾ ಆದರೆ ಅದೇ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ.

ಥ್ರೆಡ್ಡಿನ ಉದ್ದವನ್ನು ಅಳೆಯಿರಿ

ಈ ಇಡೀ ಕೆಲಸದಲ್ಲಿ ಹಾನಿಗೆ ಹೆಚ್ಚು ಅವಕಾಶವಿರುವುದು ಇಲ್ಲಿಯೇ. ಹಳೆಯ ಕಾರುಗಳ ಬಹುಪಾಲು ಪ್ಲಗ್ಗುಗಳ ಥ್ರೆಡ್ 14 ಮಿ.ಮೀ. ದಪ್ಪದ್ದು. ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂತುಬಿಡುತ್ತದೆ. ಆದರೆ ವಾಷರ್ ಕೂರುವ ಜಾಗದಿಂದ ಥ್ರೆಡ್ಡಿನ ಕೊನೆಯವರೆಗಿನ ಉದ್ದ, ಅಂದರೆ ‘ರೀಚ್’, ಒಂದೊಂದರಲ್ಲಿ ಒಂದೊಂದು. ಅಂಬಾಸಿಡರ್‌ನ ಬಿ ಸರಣಿಗೆ 19 ಮಿ.ಮೀ. ಬೇಕು. ಹಿಂಬದಿ ಎಂಜಿನ್ನಿನ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ಗೆ 12.7 ಮಿ.ಮೀ. ಸಾಕು. ಹರಿಕೇನ್ ಎಂಜಿನ್ನಿನ ಪೆಟ್ರೋಲ್ ಜೀಪಿನ ಕೈಪಿಡಿ ಹೇಳುವ ಚಾಂಪಿಯನ್ ಕಂಪನಿಯ ಜೆ8 ಪ್ಲಗ್ಗಿನ ಥ್ರೆಡ್ ಕೇವಲ 9.5 ಮಿ.ಮೀ. ಉದ್ದದ್ದು.

ಉದ್ದ ಹೆಚ್ಚಾದರೆ ಥ್ರೆಡ್ಡಿನ ತುದಿ ದಹನ ಕೋಣೆಯೊಳಕ್ಕೆ ಇಳಿದು, ಬೆಂಕಿಯಲ್ಲಿ ಕೆಂಪಗೆ ಕಾದು ಕಿಡಿಗೂ ಮೊದಲೇ ಮಿಶ್ರಣವನ್ನು ಹೊತ್ತಿಸುತ್ತದೆ. ಅದೃಷ್ಟ ಕೆಟ್ಟರೆ ಪಿಸ್ಟನ್ ಅಥವಾ ವಾಲ್ವ್ ಬಂದು ಅದಕ್ಕೆ ಬಡಿಯುತ್ತದೆ. ಬಡಿಯದಿದ್ದರೂ ಹೊರಚಾಚಿದ ಥ್ರೆಡ್ಡಿಗೆ ಕಾರ್ಬನ್ ಕಟ್ಟಿ, ಮುಂದೆ ಬಿಚ್ಚುವಾಗ ಹೆಡ್ಡಿನ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ಉದ್ದ ಕಡಿಮೆಯಾದರೆ ಕಿಡಿ ಗುಣಿಯೊಳಗೇ ಹುದುಗಿ ಮಿಶ್ರಣ ಸರಿಯಾಗಿ ಉರಿಯುವುದಿಲ್ಲ. ಜೊತೆಗೆ ಹೆಡ್ಡಿನಲ್ಲಿ ಖಾಲಿ ಉಳಿದ ಥ್ರೆಡ್ಡುಗಳಿಗೆ ಕಾರ್ಬನ್ ತುಂಬಿ, ಮುಂದೊಂದು ದಿನ ಸರಿಯಾದ ಪ್ಲಗ್ ತಂದರೂ ಅದು ಕೂರುವುದಿಲ್ಲ.

ಕಾರಿನಿಂದ ಬಿಚ್ಚಿದ ಪ್ಲಗ್ ಸರಿಯಾದದ್ದೇ ಆಗಿತ್ತು ಎಂದು ನಂಬಬೇಡಿ. ಗುಣಿಯ ಆಳವನ್ನೇ ಅಳೆಯುವುದು ಉತ್ತಮ. ತುದಿಯಲ್ಲಿ ಚಿಕ್ಕದಾಗಿ ಕೊಕ್ಕೆಯಂತೆ ಬಗ್ಗಿಸಿದ ಗಟ್ಟಿ ತಂತಿಯನ್ನು ಗುಣಿಯೊಳಗೆ ಇಳಿಸಿ, ಥ್ರೆಡ್ ಮುಗಿಯುವ ಅಂಚಿಗೆ ಸಿಕ್ಕಿಸಿ, ವಾಷರ್ ಕೂರುವ ಮಟ್ಟದಲ್ಲಿ ಉಗುರಿನಿಂದ ಗುರುತು ಹಿಡಿದು ಹೊರತೆಗೆದು ಸ್ಕೇಲಿನ ಮೇಲಿಟ್ಟರೆ ಅಳತೆ ಸಿಗುತ್ತದೆ. ಹೆಡ್ ಮೇಲೆ ಪ್ಲಗ್ ಕೂರುವ ಜಾಗ ಚಪ್ಪಟೆಯಾಗಿದ್ದರೆ ವಾಷರ್ ಇರುವ ಪ್ಲಗ್, ಇಳಿಜಾರಾಗಿದ್ದರೆ ವಾಷರ್ ಇಲ್ಲದ ಶಂಕುವಿನಾಕಾರದ ಪ್ಲಗ್ ಬೇಕು. ಅಂಬಾಸಿಡರ್‌ನ 1489 ಸಿಸಿ ಎಂಜಿನ್ನಿನದು ಚಪ್ಪಟೆ ಜಾಗ. ಅದರ ಪ್ಲಗ್ಗಿಗೆ ಬೇಕಾದ ಸ್ಪ್ಯಾನರ್ 20.8 ಮಿ.ಮೀ., ಎಂದರೆ ನಮ್ಮ ಮೆಕ್ಯಾನಿಕ್ಕುಗಳು 21ರ ಪ್ಲಗ್ ಸ್ಪ್ಯಾನರ್ ಎನ್ನುವುದು.

ಹೀಟ್ ರೇಂಜ್ ಮತ್ತು ಅಂಕಿಗಳ ಗೊಂದಲ

ಪ್ಲಗ್ಗಿನ ಮೂತಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದರೆ ಮಾತ್ರ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದೇ ಮೂತಿ 850 ಡಿಗ್ರಿ ದಾಟಿದರೆ ಕಿಡಿಗೂ ಮುಂಚೆ ಮಿಶ್ರಣ ಹೊತ್ತಿಕೊಳ್ಳುವ ಅಪಾಯವಿದೆ. ಈ ಎರಡರ ನಡುವೆ ಇರುವಂತೆ ಮೂತಿಯ ಬಿಸಿಯನ್ನು ಹೆಡ್ಡಿಗೆ ಸಾಗಿಸುವ ಶಕ್ತಿಯೇ ಹೀಟ್ ರೇಂಜ್. ಬಿಸಿಯನ್ನು ಬೇಗ ಬಿಟ್ಟುಕೊಡುವುದು ‘ಕೋಲ್ಡ್’ ಪ್ಲಗ್, ಹಿಡಿದಿಟ್ಟುಕೊಳ್ಳುವುದು ‘ಹಾಟ್’ ಪ್ಲಗ್. ಹಾಟ್ ಪ್ಲಗ್ಗಿನ ಕಿಡಿ ಹೆಚ್ಚು ಪ್ರಬಲ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಇಂದಿಗೂ ಇದೆ. ಅದು ಶುದ್ಧ ತಪ್ಪು ಕಲ್ಪನೆ. ಈ ಹೆಸರುಗಳಿಗೂ ಕಿಡಿಯ ಬಲಕ್ಕೂ ಸಂಬಂಧವಿಲ್ಲ.

ತೊಡಕಿರುವುದು ಅಂಕಿಗಳಲ್ಲಿ. ಎನ್‌ಜಿಕೆ ಕಂಪನಿಯ ಪ್ಲಗ್ಗುಗಳಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ ಕೋಲ್ಡ್. ಚಾಂಪಿಯನ್‌ನಲ್ಲಿ ಅಂಕಿ ಹೆಚ್ಚಿದಷ್ಟೂ ಹಾಟ್. ಬಾಷ್‌ನ ಈಗಿನ ಪದ್ಧತಿಯಲ್ಲೂ ಹೆಚ್ಚಿನ ಅಂಕಿ ಹಾಟ್. ಆದರೆ ಅದೇ ಬಾಷ್‌ನ ಹಳೆಯ ಪದ್ಧತಿಯಲ್ಲಿ 145, 175, 225 ಎಂಬ ಮೂರಂಕಿಯ ಸಂಖ್ಯೆಗಳಿದ್ದು, ಅಲ್ಲಿ ಹೆಚ್ಚಿನ ಸಂಖ್ಯೆ ಕೋಲ್ಡ್. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಹಳೆಯ ಪ್ಲಗ್ಗುಗಳ ಮೇಲೆ ಈ ಮೂರಂಕಿಯ ಸಂಖ್ಯೆಗಳನ್ನು ಕಾಣಬಹುದು. ಯಾವುದೋ ಗ್ಯಾರೇಜಿನ ಡಬ್ಬಿಯಲ್ಲಿ ಸಿಕ್ಕ ಹಳೆಯ ಮೈಕೋ ಪ್ಲಗ್ಗಿನ ಅಂಕಿಯನ್ನು ಇಂದಿನ ಬಾಷ್ ಪಟ್ಟಿಯ ರೀತಿಯಲ್ಲಿ ಓದಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಆ ಕಾಲದ ಬಿಎಂಸಿ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಚಾಂಪಿಯನ್ ಎನ್5. ಮುಂದೆ ಮೂತಿ ಸ್ವಲ್ಪ ಹೊರಚಾಚಿದ ಎನ್9ವೈ ಅದೇ ಬಿ ಸರಣಿಗೆ ರೂಢಿಯಾಯಿತು. ತಾಮ್ರದ ತಿರುಳು ಇರುವ ಇಂದಿನ ಎನ್9ವೈಸಿ, ಎನ್‌ಜಿಕೆಯ ಬಿಪಿ6ಇಎಸ್, ಬಾಷ್‌ನ ಡಬ್ಲ್ಯು7ಡಿಸಿ ಈ ಮೂರೂ ಹೆಚ್ಚುಕಡಿಮೆ ಒಂದೇ ಸ್ಥಾನದವು. ಸುಸ್ಥಿತಿಯಲ್ಲಿರುವ 1489 ಸಿಸಿ ಎಂಜಿನ್ನಿಗೆ ಇವುಗಳಲ್ಲಿ ಯಾವುದು ಸಿಕ್ಕರೂ ಆದೀತು. ಈ ಎಂಜಿನ್ನನ್ನು ಬಿಎಂಸಿ 8.3:1 ಮತ್ತು 7.2:1 ಎಂಬ ಎರಡು ಕಂಪ್ರೆಷನ್ ಅನುಪಾತಗಳಲ್ಲಿ ತಯಾರಿಸುತ್ತಿತ್ತು. ಕಡಿಮೆ ಅನುಪಾತದ ಎಂಜಿನ್ ಇದ್ದು, ಕಾರು ಊರೊಳಗಿನ ನಿಧಾನ ಸಂಚಾರಕ್ಕೆ ಮಾತ್ರ ಬಳಕೆಯಾಗುತ್ತಿದ್ದು, ಕಾರ್ಬುರೇಟರ್ ಸರಿಯಿದ್ದರೂ ಪ್ಲಗ್ ಪದೇ ಪದೇ ಮಸಿ ಹಿಡಿಯುತ್ತಿದ್ದರೆ ಒಂದು ಮೆಟ್ಟಿಲು ಹಾಟ್ ಆದ ಬಿಪಿ5ಇಎಸ್ ಹಾಕಿ ನೋಡಬಹುದು. ಒಂದಕ್ಕಿಂತ ಹೆಚ್ಚು ಮೆಟ್ಟಿಲು ಹೋಗುವುದು ನನಗೆ ಸರಿಕಾಣುವುದಿಲ್ಲ. ಅಷ್ಟು ಬೇಕಾಗುತ್ತಿದೆ ಎಂದರೆ ತೊಂದರೆ ಬೇರೆಲ್ಲೋ ಇದೆ.

ಈ ಮಾತಿಗೆ ಈಗಿನ ಪೆಟ್ರೋಲಿನ ವಿಷಯವನ್ನೂ ಸೇರಿಸಬೇಕು. ಎಥನಾಲ್ ತನ್ನಲ್ಲೇ ಆಮ್ಲಜನಕ ಹೊಂದಿರುವುದರಿಂದ, ಹಳೆಯ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರ) ಇರುವ ಕಾರ್ಬುರೇಟರಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಳಸಿದಾಗ ಮಿಶ್ರಣ ತೆಳುವಾಗುತ್ತದೆ. ಪಿಂಗಾಣಿ ಬಿಳುಪಾಯಿತೆಂದು ಕೂಡಲೇ ಕೋಲ್ಡ್ ಪ್ಲಗ್ ಹಾಕುವವರಿದ್ದಾರೆ. ಅಲ್ಲಿ ಆಗಬೇಕಾದದ್ದು ಜೆಟ್ ಅಥವಾ ಮಿಶ್ರಣದ ಹೊಂದಾಣಿಕೆ. ಇದಕ್ಕೆ ವಿರುದ್ಧವಾಗಿ, ಮಡಿಕೇರಿ ಅಥವಾ ಚಿಕ್ಕಮಗಳೂರಿನ ಎತ್ತರದಲ್ಲಿ ಗಾಳಿ ತೆಳುವಾಗಿ ಮಿಶ್ರಣ ಗಟ್ಟಿಯಾಗುವುದರಿಂದ ಕರಾವಳಿಯಲ್ಲಿ ಟ್ಯೂನ್ ಮಾಡಿಸಿದ ಕಾರಿನ ಪ್ಲಗ್ ಅಲ್ಲಿ ತುಸು ಕಪ್ಪಾಗುವುದು ಸಹಜ.

ಉಳಿದ ಅಕ್ಷರಗಳು

ಬಿಪಿ6ಇಎಸ್ ಎಂಬುದನ್ನು ಬಿಡಿಸಿ ಓದಿದರೆ ‘ಬಿ’ 14 ಮಿ.ಮೀ. ಥ್ರೆಡ್ಡನ್ನೂ ‘ಪಿ’ ಹೊರಚಾಚಿದ ಮೂತಿಯನ್ನೂ ‘6’ ಹೀಟ್ ರೇಂಜನ್ನೂ ‘ಇ’ 19 ಮಿ.ಮೀ. ಉದ್ದವನ್ನೂ ‘ಎಸ್’ ಸಾಧಾರಣ ತಾಮ್ರದ ತಿರುಳನ್ನೂ ಸೂಚಿಸುತ್ತವೆ. ‘ಇ’ ಇರುವಲ್ಲಿ ‘ಎಚ್’ ಬಂದರೆ ಉದ್ದ 12.7 ಮಿ.ಮೀ.ಗೆ ಇಳಿಯುತ್ತದೆ, ಅಂಗಡಿಯಲ್ಲಿ ಕಣ್ತಪ್ಪುವುದು ಈ ಒಂದು ಅಕ್ಷರದಲ್ಲಿಯೇ. ಚಾಂಪಿಯನ್‌ನಲ್ಲಿ ಇದೇ ಕೆಲಸವನ್ನು ಮೊದಲ ಅಕ್ಷರ ಮಾಡುತ್ತದೆ: ‘ಎನ್’ 19 ಮಿ.ಮೀ., ‘ಎಲ್’ 12.7 ಮಿ.ಮೀ., ‘ಜೆ’ 9.5 ಮಿ.ಮೀ.

ನಡುವೆ ‘ಆರ್’ ಸೇರಿ ಬಿಪಿಆರ್6ಇಎಸ್ ಆದರೆ ಪ್ಲಗ್ಗಿನೊಳಗೆ ಸುಮಾರು 5,000 ಓಮ್‌ನ ರೆಸಿಸ್ಟರ್ ಇದೆ ಎಂದು ಅರ್ಥ. ಅದು ರೇಡಿಯೊದ ಕರಕರ ಶಬ್ದವನ್ನು ತಡೆಯುತ್ತದೆ. ಕಾಯಿಲ್‌ನ ವಿದ್ಯುತ್ತನ್ನು ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಮತ್ತು ಕಂಡೆನ್ಸರ್ ಇರುವ ಮೂಲ ವ್ಯವಸ್ಥೆಗೆ ‘ಆರ್’ ಇಲ್ಲದ್ದೇ ಸಾಕು. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿಸಿದ್ದರೆ ‘ಆರ್’ ಇರುವ ಪ್ಲಗ್ ಅಥವಾ ರೆಸಿಸ್ಟೆನ್ಸ್ ಇರುವ ವೈರು ಬೇಕೇ ಬೇಕು, ಇಲ್ಲವಾದರೆ ಮಾಡ್ಯೂಲ್ ಕಂಗೆಡುತ್ತದೆ. ರೆಸಿಸ್ಟರ್ ಪ್ಲಗ್, ರೆಸಿಸ್ಟರ್ ಕ್ಯಾಪ್, ಕಾರ್ಬನ್ ವೈರು ಈ ಮೂರನ್ನೂ ಒಟ್ಟಿಗೆ ಹಾಕಿ ಹಳೆಯ ಕಾಯಿಲ್‌ಗೆ ಹೊರೆ ಹೆಚ್ಚಿಸುವ ಅಗತ್ಯ ಮಾತ್ರ ಇಲ್ಲ.

ಇರಿಡಿಯಂ ಪ್ಲಗ್ಗಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರ ಸೂಜಿಯಂಥ ಕಡ್ಡಿಯಿಂದ ಕಡಿಮೆ ವೋಲ್ಟೇಜಿನಲ್ಲೇ ಕಿಡಿ ಹಾರುತ್ತದೆ, ಬಾಳಿಕೆಯೂ ಹೆಚ್ಚು. ಆದರೆ ವರ್ಷಕ್ಕೆ ಒಂದೆರಡು ಸಾವಿರ ಕಿಲೋಮೀಟರ್ ಓಡುವ ಕಾರಿಗೆ ಆ ಬಾಳಿಕೆಯಿಂದ ಬರುವ ಲಾಭ ಅಲ್ಪ, ಎಣ್ಣೆ ಏರುವ ಎಂಜಿನ್ನಿನಲ್ಲಿ ಅದೂ ಮಸಿ ಹಿಡಿಯದೆ ಬಿಡದು. ಸಾಧಾರಣ ಪ್ಲಗ್ಗನ್ನೇ ಕಾಲಕಾಲಕ್ಕೆ ಬದಲಿಸುವುದು ನನ್ನ ಆಯ್ಕೆ. ಬೆಂಗಳೂರಿನ ಜೆ.ಸಿ. ರೋಡಿನಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಕೊಳ್ಳುವಾಗ ಪೆಟ್ಟಿಗೆಗಿಂತ ಪ್ಲಗ್ಗನ್ನು ನೋಡಿ: ಪಿಂಗಾಣಿಯ ಮೇಲಿನ ಅಕ್ಷರಗಳು ಉಗುರಿಗೆ ಅಳಿಸಬಾರದು, ಥ್ರೆಡ್ ನುಣುಪಾಗಿರಬೇಕು, ವಾಷರ್ ಸಲೀಸಾಗಿ ಕಳಚಿ ಬರಬಾರದು, ಕೊಕ್ಕೆ ನಡುವಿನ ಕಡ್ಡಿಯ ನೇರಕ್ಕೆ ಇರಬೇಕು. ತಲೆಯ ಮೇಲಿನ ಸ್ಕ್ರೂ ನಟ್ಟು ನಿಮ್ಮ ವೈರಿನ ಕ್ಯಾಪಿಗೆ ಬೇಕೋ ಬೇಡವೋ ಎಂಬುದನ್ನೂ ಮನೆಯಲ್ಲೇ ನೋಡಿಕೊಂಡು ಹೋಗಿ.

ಗ್ಯಾಪ್ ಹೊಂದಿಸುವುದು

ಬಿ ಸರಣಿಗೆ ಗ್ಯಾಪ್ 0.025 ಇಂಚು, ಎಂದರೆ ಸುಮಾರು 0.64 ಮಿ.ಮೀ. ಪೆಟ್ಟಿಗೆಯಿಂದ ತೆಗೆದ ಹೊಸ ಪ್ಲಗ್ಗಿನಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚೇ ಇರುತ್ತದೆ. ಸಂಕೇತದ ಕೊನೆಯಲ್ಲಿ 11 ಎಂದಿದ್ದರೆ 1.1 ಮಿ.ಮೀ. ಇರುತ್ತದೆ. ಗ್ಯಾಪ್ ಹೆಚ್ಚಿದಂತೆ ಬೇಕಾಗುವ ವೋಲ್ಟೇಜೂ ಏರುವುದರಿಂದ, ಪಾಯಿಂಟ್ ವ್ಯವಸ್ಥೆಯ ಹಳೆಯ ಕಾಯಿಲ್ ಆಕ್ಸಿಲರೇಟರ್ ಒತ್ತಿದ ಕೂಡಲೇ ಸೋಲುತ್ತದೆ. ಸಂದಿ ಅಳೆಯುವ ಫೀಲರ್ ಗೇಜಿನ ತೆಳು ಎಲೆ ಗ್ಯಾಪಿನಲ್ಲಿ ಲಘುವಾಗಿ ಉಜ್ಜಿಕೊಂಡು ಸರಿಯಬೇಕು, ಸಿಕ್ಕಿಕೊಳ್ಳಬಾರದು. ಬಗ್ಗಿಸುವುದು ಬದಿಯ ಕೊಕ್ಕೆಯನ್ನು ಮಾತ್ರ. ನಡುವಿನ ಕಡ್ಡಿಗೆ ಸ್ಕ್ರೂಡ್ರೈವರ್ ಆನಿಸಿ ಎತ್ತಿದರೆ ಒಳಗಿನ ಪಿಂಗಾಣಿ ಬಿರುಕು ಬಿಡುತ್ತದೆ, ಆ ಬಿರುಕು ಹೊರಗೆ ಕಾಣುವುದೂ ಇಲ್ಲ. ಪಾಯಿಂಟ್‌ನ ಗ್ಯಾಪ್ ತಪ್ಪಿದ್ದರೆ ಈ ಹೊಂದಾಣಿಕೆಯೆಲ್ಲ ವ್ಯರ್ಥವಾಗುವುದರಿಂದ ಅದನ್ನೂ ಇದೇ ವೇಳೆಗೆ ನೋಡಿಬಿಡಿ.

ಕೂರಿಸುವುದು ಮತ್ತು ಓಡಿಸಿ ನೋಡುವುದು

ಪ್ಲಗ್ಗನ್ನು ಕೈಯಿಂದಲೇ ಕೊನೆಯವರೆಗೂ ತಿರುಗಿಸಬೇಕು. ಕೈಗೆ ಎಟುಕದಿದ್ದರೆ ಪ್ಲಗ್ಗಿನ ತಲೆಗೆ ರಬ್ಬರ್ ಟ್ಯೂಬಿನ ತುಂಡು ಸಿಕ್ಕಿಸಿ ತಿರುಗಿಸಿ. ಥ್ರೆಡ್ ಅಡ್ಡ ಹತ್ತಿದರೆ ಟ್ಯೂಬ್ ಜಾರುತ್ತದೆಯೇ ಹೊರತು ಹೆಡ್ ಹಾಳಾಗುವುದಿಲ್ಲ. ಹೊಸ ವಾಷರ್ ಇರುವ ಪ್ಲಗ್ಗನ್ನು ಕೈಬಿಗಿಯಾದ ಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು, ಹೆಚ್ಚೆಂದರೆ ಮೂರನೇ ಎರಡು ಸುತ್ತು ಬಿಗಿಸಿದರೆ ಸಾಕು. ಒಮ್ಮೆ ಬಳಸಿದ ಪ್ಲಗ್ಗಿಗೆ ಹನ್ನೆರಡನೇ ಒಂದು ಸುತ್ತು ಸಾಕಾಗುತ್ತದೆ. ಟಾರ್ಕ್ ರೆಂಚ್ ಇದ್ದರೆ ಅಂಬಾಸಿಡರ್‌ನ ಬೀಡು ಕಬ್ಬಿಣದ ಹೆಡ್ಡಿಗೆ 25ರಿಂದ 35 ನ್ಯೂಟನ್ ಮೀಟರ್. ಪದ್ಮಿನಿಯ ಹೆಡ್ ಅಲ್ಯೂಮಿನಿಯಂನದು. ಅಲ್ಲಿ 30 ದಾಟಬಾರದು, ಬಿಸಿ ಇರುವಾಗ ಸ್ಪ್ಯಾನರ್ ಮುಟ್ಟಲೂಬಾರದು. ಥ್ರೆಡ್ಡಿಗೆ ಗ್ರೀಸ್ ಹಚ್ಚುವ ಅಭ್ಯಾಸ ಬಿಡಿ: ಜಾರಿಕೆಯಿಂದಾಗಿ ಅದೇ ಬಲಕ್ಕೆ ಪ್ಲಗ್ ಮಿತಿಮೀರಿ ಬಿಗಿಯುತ್ತದೆ.

ಹೊಸ ಪ್ಲಗ್ ಹಾಕಿ ಮನೆ ಮುಂದೆ ನಿಲ್ಲಿಸಿ ರೇಸ್ ಕೊಟ್ಟು ಬಣ್ಣ ನೋಡುವುದರಿಂದ ಏನೂ ತಿಳಿಯುವುದಿಲ್ಲ. ಕಾರು ಪೂರ್ತಿ ಬಿಸಿಯಾದ ಮೇಲೆ ಖಾಲಿ ಹೆದ್ದಾರಿಯಲ್ಲಿ ಹಲವಾರು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ, ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಕ್ಲಚ್ ಒತ್ತಿ ಇಗ್ನಿಷನ್ ಮಾತ್ರ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಬೇಕು. ಸ್ಟೀರಿಂಗ್ ಲಾಕ್ ಇರುವ ಕಾರಾದರೆ ಕೀಲಿಯನ್ನು ಲಾಕ್ ಆಗುವ ಜಾಗಕ್ಕೆ ತಿರುಗಿಸಲೇಬಾರದು. ಎಂಜಿನ್ ತಣಿದ ಮೇಲೆ ಬಿಚ್ಚಿ ನೋಡಿದರೆ ಕಾಣುವುದು ಆ ಓಟದ ನಿಜವಾದ ಬಣ್ಣ. 2000ನೇ ಇಸವಿಯಲ್ಲಿ ಸೀಸದ ಪೆಟ್ರೋಲ್ ನಿಂತ ಮೇಲೆ ಹಳೆಯ ಪುಸ್ತಕಗಳಲ್ಲಿನ ಗಾಢ ಕಂದು ಬಣ್ಣ ಅಪರೂಪವಾಗಿದೆ. ಮೂತಿ ಬಹುತೇಕ ಬೆಳ್ಳಗಿದ್ದು, ಪಿಂಗಾಣಿಯ ಬುಡದಲ್ಲಿ ಮಾತ್ರ ತೆಳುವಾದ ಕಂದು ಉಂಗುರ ಕಂಡರೆ ಗಾಬರಿಯಾಗಬೇಕಿಲ್ಲ.

ಬಿಎಂಸಿ ಕಾಲದ ರೂಢಿಯಂತೆ 6,000 ಮೈಲಿಗೆ ತೆಗೆದು ಶುಚಿಮಾಡಿ ಗ್ಯಾಪ್ ಸರಿಪಡಿಸುವುದು, 12,000 ಮೈಲಿಗೆ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಈಗಲೂ ನಡೆಯುತ್ತದೆ. ಶುಚಿಮಾಡಲು ಹಿತ್ತಾಳೆಯ ಬ್ರಷ್ ಸಾಕು. ಮರಳು ಊದುವ ಯಂತ್ರಕ್ಕೆ ಕೊಟ್ಟರೆ ಪಿಂಗಾಣಿಯ ಸಂದಿಯಲ್ಲಿ ಉಳಿದ ಕಣ ಸಿಲಿಂಡರಿಗೆ ಬೀಳಬಹುದು. ಬದಲಿಸಿದ ಹಳೆಯ ನಾಲ್ಕರಲ್ಲಿ ಚೆನ್ನಾಗಿರುವ ಎರಡನ್ನು ಗ್ಯಾಪ್ ಹೊಂದಿಸಿ, ಕಾಗದ ಸುತ್ತಿ, 21ರ ಸ್ಪ್ಯಾನರ್ ಜೊತೆ ಡಿಕ್ಕಿಯಲ್ಲಿ ಇಟ್ಟುಕೊಂಡಿರಿ. ದಾರಿಯಲ್ಲಿ ಒಂದು ಪ್ಲಗ್ ಕೈಕೊಟ್ಟರೆ, ಸಿಕ್ಕ ಅಂಗಡಿಯಲ್ಲಿ ಸಿಕ್ಕ ಉದ್ದದ್ದನ್ನು ಹಾಕಿಸಿಕೊಳ್ಳುವ ಪ್ರಮೇಯ ಬರುವುದಿಲ್ಲ.